ಬಿಳಿಯ ಮೇಲೆ ಬಿಳಿ

"ಇನ್ನೊಮ್ಮಿ ನೀಲಿ ಮಾಡವ್ವಾ," ಎಂದರು ಚಿದಾನಂದಪ್ಪ.

ಫರ್ಜಾನಾ ಕೀಬೋರ್ಡಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದಳು. ಪುಟವೆಲ್ಲ ನೀಲಿಯಾಯಿತು. ಅಷ್ಟು ಹೊತ್ತು ಖಾಲಿ ಕಾಣುತ್ತಿದ್ದ ತಳಭಾಗದಲ್ಲಿ, ಬಿಳಿಯ ಮೇಲೆ ಬಿಳಿಯಾಗಿ ಅಡಗಿದ್ದ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಎದ್ದು ನಿಂತವು.

ಚಿದಾನಂದಪ್ಪ ಕನ್ನಡಕ ಮೇಲೆತ್ತಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಂದು ಓದತೊಡಗಿದರು. ಮೂವತ್ತನಾಲ್ಕು ವರ್ಷ ಕೆಂಪು ಬಸ್ಸಿನಲ್ಲಿ ಕಂಡಕ್ಟರಾಗಿದ್ದ ಗಂಟಲು ಅದು. ಮೆಲ್ಲಗೆ ಓದಲು ಅದಕ್ಕೆ ಬರುವುದಿಲ್ಲ.

"ಸತ್ಯನಾರಾಯಣಪೇಟೆ. ಹಳೇ ಬಸ್ ಸ್ಟ್ಯಾಂಡು. ಕೋಳೂರು ಕ್ರಾಸು. ಬಾದನಹಟ್ಟಿ. ಕುರುಗೋಡು. ಸಿರಿಗೇರಿ. ಕಾಲುವೆ ಸೇತುವೆ. ಹಳೇ ಗಿರಣಿ."

ಅಲ್ಲಿಗೆ ಪಟ್ಟಿ ಮುಗಿದಿತ್ತು. ಅವರು ಮತ್ತೊಮ್ಮೆ ಮೊದಲಿಂದ ಓದಿದರು. ಈ ಸಲ ಸದ್ದು ಬರಲಿಲ್ಲ, ತುಟಿ ಮಾತ್ರ ಅಲುಗಿತು.

"ಇವು ಊರ ಹೆಸರು ಅಂತ ನೀನು ಅಂದಿ. ಊರ ಹೆಸರು ಅಲ್ಲವ್ವಾ ಇವು. ಕಾಲುವೆ ಸೇತುವೆ ಊರೇನು? ಹಳೇ ಗಿರಣಿ ಊರೇನು? ಇದು ಟ್ರಿಪ್ಪು. ಒಂಬತ್ತೂಕಾಲಕ್ಕ ಬಿಡ್ತೈತಿ, ಕುರುಗೋಡು ಸುತ್ತಿಕೊಂಡು ಸಿರುಗುಪ್ಪಕ್ಕ ಹೋಗಾದು. ದಿನಕ್ಕ ಒಂದೇ ಗಾಡಿ."

ಫರ್ಜಾನಾಳ ಕೈ ಗುಂಡಿಗಳ ಮೇಲೇ ಉಳಿಯಿತು.

"ಆದ್ರ ಗಾಡಿ ಸಿರುಗುಪ್ಪ ಮುಟ್ಟಿಲ್ಲ ನೋಡು," ಎಂದರು ಅವರು. "ಬರದೋರು ಗಿರಣಿ ಹತ್ರ ಇಳದುಬಿಟ್ಟಾರ. ಮತ್ತ ನಮ್ಮ ಸತ್ಯನಾರಾಯಣಪೇಟಿ ಯಾಕ ಐತಿ ಮೊದಲಿಗೆ? ಇಲ್ಲಿಂದ ಯಾವ ಬಸ್ಸೂ ಬಿಡಂಗಿಲ್ಲ. ಇಲ್ಲಿಂದ ನಡಕೊಂಡು ಹೊಂಟೋರು ಬರದಾರ ಇದನ್ನ."

ಫರ್ಜಾನಾಳ ತಂಗಿ ಸುಲ್ತಾನಾ ಈ ಇಂಟರ್‌ನೆಟ್ ಅಂಗಡಿಯ ಮೆಟ್ಟಿಲಿಳಿದು ನಡೆದುಕೊಂಡು ಹೊರಟು ಅವತ್ತಿಗೆ ಹನ್ನೊಂದು ದಿನವಾಗಿತ್ತು.

ಹೊರಗಿನ ಕೌಂಟರಿನಲ್ಲಿ ಅಮ್ಮಿ ಖಾತೂನ್ ಟೆಲಿಫೋನಿನ ಪಕ್ಕ ಕುಳಿತೇ ಇದ್ದಳು. ಹನ್ನೊಂದು ದಿನದಿಂದ ಅವಳದು ಅದೇ ಜಾಗ. ಮಗಳಿಗೆ ಬಾಯಿಪಾಠವಾಗಿದ್ದ ನಂಬರು ಅದೊಂದೇ, ಕರೆ ಬಂದರೆ ಅದಕ್ಕೇ ಬರಬೇಕು ಎನ್ನುವುದು ಅವಳ ಲೆಕ್ಕ. ಠಾಣೆಯವರು ಎರಡು ಸಲ ಕೂಡಿಸಿಕೊಂಡು, "ವಯಸ್ಸಿಗೆ ಬಂದ ಹುಡುಗಿ, ತಾನೇ ಬರ್ತಾಳ ಹೋಗ್ರಿ," ಎಂದು ಕಳಿಸಿದ್ದರು. ಯಾರು ಕರೆದೊಯ್ದರು, ಎಲ್ಲಿಗೆ ಕರೆದೊಯ್ದರು, ಒಂದು ಹೆಸರು ತಂದರೆ ನೋಡೋಣ ಎಂದೂ ಸೇರಿಸಿದ್ದರು.

ಫರ್ಜಾನಾ ಪರದೆಯನ್ನು ನೋಡುತ್ತಲೇ ಇದ್ದಳು. ತಂಗಿ ಬದುಕಿದ್ದಾಳೆ ಎಂಬ ಸಂತೋಷ ಎದೆಗೆ ಬಂದು ಮುಟ್ಟುವಷ್ಟರಲ್ಲೇ, ಅದರ ಹಿಂದೆಯೇ ಇನ್ನೊಂದು ನೆನಪು ಬಂತು.

ಈ ಪುಟವನ್ನು ಅವಳು ಮೊದಲೇ ನೋಡಿದ್ದಳು. ಸೋಮವಾರ ಇದೇ ಕುರ್ಚಿಯಲ್ಲಿ ಕೂತು, ಇದೇ ಎರಡು ಗುಂಡಿ ಒತ್ತಿ ನೀಲಿ ಮಾಡಿದ್ದಳು. ಬಿಳಿ ಅಕ್ಷರ ಕಂಡಿತ್ತು. ಕಂಡಿತ್ತು ಅಷ್ಟೇ, ಓದಿರಲಿಲ್ಲ.

*

ಅದಿರಿನ ಮಣ್ಣು ಚಿನ್ನವಾದ ವರ್ಷಗಳವು. ಬಳ್ಳಾರಿಯಲ್ಲಿ ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಲಾರಿ ಇಟ್ಟುಕೊಂಡಿದ್ದ. ಲಾರಿ ಇದ್ದವನಿಗೆ ಆಫೀಸು ಬೇಕಿತ್ತು, ಆಫೀಸು ಇದ್ದವನಿಗೆ ವೆಬ್‌ಸೈಟು ಬೇಕಿತ್ತು. ವೆಬ್‌ಸೈಟು ಆದ ಮರುದಿನ ಎಲ್ಲರದೂ ಒಂದೇ ಹಟ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ತಮ್ಮ ಹೆಸರು ಮೊದಲನೇ ಪುಟದಲ್ಲೇ ಬರಬೇಕು.

ನಾಲ್ಕು ಕಂಪ್ಯೂಟರಿನ ಈ ಇಂಟರ್‌ನೆಟ್ ಸೆಂಟರಿಗೂ ಅಂಥವರು ಬರುತ್ತಿದ್ದರು. "ಗ್ಯಾರಂಟಿ ಕೊಡ್ತೀರೇನ್ರಿ?" ಎನ್ನುತ್ತಿದ್ದರು. ಫರ್ಜಾನಾ ಒಂದೇ ಮಾತು ಹೇಳುತ್ತಿದ್ದಳು. "ನಿಮ್ಮಲ್ಲಿ ಏನೈತಿ ಅಂಬೋದನ್ನ ಗಿರಾಕಿಗೆ ಹೇಳೋ ಹಂಗ ಬರೀರಿ. ಮಷೀನು ಮೆಚ್ಚಲಿ ಅಂತ ಬರೀಬ್ಯಾಡ್ರಿ. ಮೊದಲನೇ ಪುಟಕ್ಕ ಗ್ಯಾರಂಟಿ ಕೊಡೋನು ಕಳ್ಳ." ಅರ್ಧಕ್ಕರ್ಧ ಗಿರಾಕಿಗಳು ಆ ಕಳ್ಳನನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ಹೋಗಲಿ ಎಂದು ಸುಮ್ಮನಿರುವ ಜಾಯಮಾನ ಅವಳದಲ್ಲ. ಯಾವ ಪುಟ ತೆರೆದರೂ ಮೊದಲು ನೀಲಿ ಮಾಡಿ ನೋಡುವಳು. ಮನುಷ್ಯರ ಕಣ್ಣಿಗೆ ಕಾಣದಂತೆ, ಮಷೀನಿಗೆ ಮಾತ್ರ ಕಾಣುವಂತೆ, ಮೊದಲನೇ ಪುಟಕ್ಕೆ ನುಗ್ಗಲೆಂದು ಬಿಳಿ ಅಕ್ಷರ ತುಂಬಿದ್ದರೆ, ಸರ್ಚಿನ ಕಂಪನಿಗೆ ಕೂಡಲೇ ದೂರು ಬರೆಯುವಳು. ತಾರೀಖು ಹಾಕಿ, ಪುಟದ ವಿಳಾಸವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವಳು. ಊರ ಚರಂಡಿ ಬಳಿಯುವ ಕೆಲಸ ಇವಳಿಗ್ಯಾಕೆ ಎಂದು ಪೇಟೆಯವರು ನಗುತ್ತಿದ್ದರು.

ಸುಲ್ತಾನಾಗೆ ಕೆಲಸ ಕಲಿಸಿದವಳೂ ಅವಳೇ. ಒಂದು ದಿನ ಜೀನ್ಸ್ ಪ್ಯಾಂಟ್ ಅಂಗಡಿಯೊಂದರ ಪುಟವನ್ನು ನೀಲಿ ಮಾಡಿದಾಗ ತಳದಲ್ಲಿ ಬಿಳಿ ಅಕ್ಷರ ಕಂಡವು. ಹಾಕಿದವಳು ತಂಗಿ. ಫರ್ಜಾನಾ ಗಿರಾಕಿಗಳ ಎದುರಿಗೇ ಅವಳ ಕೆನ್ನೆಗೆ ಬಾರಿಸಿದಳು. ಇಪ್ಪತ್ತೆರಡು ವರ್ಷದ ಹುಡುಗಿ ಅಳಲಿಲ್ಲ. "ನಿನ್ನ ಧರ್ಮ ನೀನೇ ಇಟ್ಕೋ ಆಪಾ. ನಂಗ ಮೈನ್ಸ್ ಆಫೀಸ್‌ನಾಗ ಕೆಲಸ ಸಿಕ್ಕೈತಿ. ಸರ್ಚಿನಾಗ ಮೊದಲನೇ ಪುಟದಾಗೇ ಇತ್ತು," ಎಂದು ಚೀಲ ಹೆಗಲಿಗೇರಿಸಿ ಹೊರಟಳು. ಆಮೇಲೆ ಅವಳ ಮೊಬೈಲು ಹತ್ತಲೇ ಇಲ್ಲ.

ಒಂದು ವಾರ ಕಳೆದ ಮೇಲೆ, ಸೋಮವಾರ, ಫರ್ಜಾನಾ ಆ ಕೆಲಸದ ಜಾಹೀರಾತನ್ನು ಹುಡುಕಲು ಕೂತಳು. ಒಂದಲ್ಲ, ನಲವತ್ತು ಪುಟ ಸಿಕ್ಕವು. ಹೆಸರು ಬೇರೆ ಬೇರೆ, ಒಳಗಿನ ಸರಕು ಒಂದೇ. ಬಳ್ಳಾರಿ ಮೈನ್ಸ್ ಆಫೀಸಿನಲ್ಲಿ ಹೆಣ್ಣುಮಕ್ಕಳಿಗೆ ಟೈಪಿಂಗ್ ಕೆಲಸ, ಊಟ ವಸತಿ ಉಚಿತ. ಇದ್ದ ಮೊಬೈಲ್ ನಂಬರು ಸತ್ತಿತ್ತು. ಅವಳಿಗೆ ಬಂದ ಸಿಟ್ಟಿಗೆ ಮಿತಿ ಇರಲಿಲ್ಲ. ನಲವತ್ತನ್ನೂ ಒಂದೊಂದಾಗಿ ನೀಲಿ ಮಾಡಿದಳು, ಬಿಳಿ ಅಕ್ಷರ ಕಂಡದ್ದೇ ದೂರು ಬರೆದು ಮುಂದಿನದಕ್ಕೆ ಹೋದಳು. ಮೊದಲ ಹತ್ತು ಪುಟದ ಬಿಳಿ ಅಕ್ಷರದಲ್ಲಿ ಕೆಲಸ, ಕೆಲಸ, ಕೆಲಸ ಎಂದಷ್ಟೇ ಇತ್ತು. ಉಳಿದವೂ ಅದೇ ಇರಬೇಕು ಎಂದುಕೊಂಡಳು.

ತಿಂಗಳುಗಟ್ಟಲೆ ತೂಕಡಿಸುವ ಸರ್ಚಿನ ಕಂಪನಿ ಈ ಸಲ ಎರಡೇ ದಿನದಲ್ಲಿ ಎದ್ದಿತ್ತು. ಇವತ್ತು ಗುರುವಾರ. ಹುಡುಕಿದರೆ ನಲವತ್ತರಲ್ಲಿ ಒಂದೂ ಇಲ್ಲ, ವಿಳಾಸ ಗೊತ್ತಿದ್ದವರು ಮಾತ್ರ ತೆರೆಯಬಹುದಿತ್ತು. ಆ ಗೆಲುವನ್ನು ತೋರಿಸಲೆಂದೇ ಎದುರುಮನೆಯ ಚಿದಾನಂದಪ್ಪರನ್ನು ಕರೆದು, ನೋಟ್‌ಬುಕ್ಕಿನ ವಿಳಾಸ ನೋಡಿ ಒಂದು ಪುಟ ತೆರೆದಿದ್ದಳು.

ಪೇಟೆಯಲ್ಲಿ ಕೋಳಿ ಕಳೆದರೂ ಕೊಡ ಕಳೆದರೂ ಜನ ಹೋಗುವುದು ಚಿದಾನಂದಪ್ಪರ ಬಳಿಗೆ. ಟಿಕೆಟ್ಟಿಲ್ಲದೆ ಇಳಿದವನ ಮುಖವನ್ನು ಇಪ್ಪತ್ತು ವರ್ಷವಾದರೂ ಮರೆಯದ ಮನುಷ್ಯ. ಈಗ ಅವರು ಫರ್ಜಾನಾಳ ಮುಖವನ್ನೇ ನೋಡುತ್ತಿದ್ದರು.

"ನಲವತ್ತರಾಗ ಎಷ್ಟರಾಗ ಐತಿ ಈ ಟ್ರಿಪ್ಪು?"

ಅವಳು ಒಂದೊಂದಾಗಿ ತೆರೆದು ನೋಡಿದಳು. "ಒಂಬತ್ತರಾಗ, ಕಾಕಾ. ಕಡೀ ಒಂಬತ್ತರಾಗ."

"ಬಿಳಿ ಅಕ್ಷರ ನೋಡೋರು ಈ ಜಿಲ್ಲಾದಾಗ ಯಾರದಾರ?"

"ನಾನೊಬ್ಬಾಕಿನೇ."

"ಹಂಗಾರ ಇದು ನಿನಗ ಬರದ ಕಾಗದ."

ಫರ್ಜಾನಾ ಸೆರಗನ್ನು ಬಾಯಿಗೊತ್ತಿ ಹಿಡಿದಳು. ತಂಗಿ ಒಂಬತ್ತು ಸಲ ಕಾಗದ ಬರೆದಿದ್ದಳು. ಬೈದ ಅಕ್ಕನ ಅಭ್ಯಾಸವನ್ನೇ ನಂಬಿ ಬರೆದಿದ್ದಳು. ಅಕ್ಕ ಓದದೆಯೇ ಒಂಬತ್ತನ್ನೂ ಕಸದ ಬುಟ್ಟಿಗೆ ಹಾಕಿಸಿದ್ದಳು.

ದೂರಿನ ಸಂಗತಿಯನ್ನು ಅವಳು ಚಿದಾನಂದಪ್ಪರಿಗೆ ಹೇಳಲಿಲ್ಲ. ಪುಟಗಳು ಬಿದ್ದುಹೋದವೆಂದಷ್ಟೇ ಅವರಿಗೆ ಹೇಳಿದ್ದಳು, ತಾವಾಗಿಯೇ ಬಿದ್ದವೆಂದು ಅವರು ತಿಳಿದಿದ್ದರು. ಹಾಗೇ ತಿಳಿದಿರಲಿ ಎಂದುಕೊಂಡಳು. ನಾಚಿಕೆ ಅವಳ ನಾಲಿಗೆ ಹಿಡಿದಿತ್ತು.

"ಗಿರಣಿಗೇ ಹೋಗೂಣು ನಡೀರಿ, ಈಗಲೇ," ಎಂದಳು.

"ಹೋಗಿ ಗೇಟ್ ಮುಂದ ನಿಂತು ಏನಂತಿ? ಗಿರಣಿ ಯಾರದು, ಒಳಗ ಯಾರದಾರ, ಗೊತ್ತೇನು? ಠಾಣ್ಯಾದವರು ಕೇಳಿದ್ದು ಒಂದು ಹೆಸರು. ಆ ಹೆಸರು ಮೊದಲು ಹಿಡೀಬೇಕು. ಈ ಪುಟ ಯಾರು ಮಾಡ್ಯಾರ, ತಿಳಿಯಾಂಗಿಲ್ಲೇನು?"

ತಿಳಿಯುತ್ತಿತ್ತು. ಸೋಮವಾರ ಸಿಟ್ಟಿನ ಭರದಲ್ಲಿ ಬಿಟ್ಟದ್ದನ್ನು ಈಗ ಅವಳು ತಾಳ್ಮೆಯಿಂದ ಹುಡುಕಿದಳು. ನಲವತ್ತು ಪುಟಗಳೂ ಲಿಂಕಿನಿಂದ ಒಂದಕ್ಕೊಂದು ಕೈ ಹಿಡಿದುಕೊಂಡು ದುಂಡಗೆ ನಿಂತಿದ್ದವು. ಆದರೆ ಪ್ರತಿ ಪುಟದ ಮೂಲೆಯಲ್ಲೂ ಸಾಸಿವೆಯಷ್ಟು ಸಣ್ಣ ಚುಕ್ಕಿಯೊಂದಿತ್ತು. ಅದನ್ನು ಒತ್ತಿದರೆ ಬೇರೆಯೇ ಒಂದು ಸೈಟು ತೆರೆದುಕೊಂಡಿತು. "ಮೊದಲ ಪುಟ ಗ್ಯಾರಂಟಿ. ಮುಜಾಫರ್, ಕುರುಗೋಡು."

ಕಳ್ಳತನಕ್ಕೂ ತನ್ನ ಹೆಸರು ಹಾಕಿಕೊಳ್ಳುವ ಮನುಷ್ಯ ಅವನೊಬ್ಬನೇ. ಮುಜಾಫರ್ ಮೊದಲು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುತ್ತಿದ್ದ. ಹೊಲಿದ ಪ್ಯಾಂಟಿಗೆಲ್ಲ ಲೇಬಲ್ ಹಚ್ಚಿ ಹಚ್ಚಿ ಅವನ ಕೈಗೆ ಅದು ಚಾಳಿಯಾಗಿತ್ತು. ಲೇಬಲ್ ಇಲ್ಲದ ಮಾಲು ಅವನ ಅಂಗಡಿಯಿಂದ ಹೊರಬೀಳುವಂತಿರಲಿಲ್ಲ.

*

ಒಂಬತ್ತೂಕಾಲರ ಬಸ್ಸಿನಲ್ಲಿ ಕಂಡಕ್ಟರ್ ಮೈಲಾರಪ್ಪ, ಹಳೆಯ ಗುರುವನ್ನು ಕಂಡು ತನ್ನ ಸೀಟನ್ನೇ ಬಿಟ್ಟುಕೊಟ್ಟ.

"ಹಳೇ ಗಿರಣಿಗೆ ಈಗೂ ನಿಲ್ಲಿಸ್ತೀಯೇನಲೇ?" ಎಂದು ಕೇಳಿದರು ಚಿದಾನಂದಪ್ಪ.

"ಕೇಳಿದ್ರ ನಿಲ್ಲಿಸ್ತೀನ್ರಿ. ಗಿರಣಿ ಮುಚ್ಚಿ ಆರು ವರ್ಷಾತು, ಅಲ್ಲಿಗೆ ಟಿಕೆಟ್ ಕೇಳೋರು ವರ್ಷಕ್ಕೊಬ್ರು." ಅವನು ಸ್ವಲ್ಪ ನಿಂತು ಹೇಳಿದ. "ಈಗೊಂದು ಹತ್ತು ಹನ್ನೆರಡು ದಿನದ ಹಿಂದ ಒಬ್ಬಾಕಿ ಹುಡುಗಿ ಇಳದ್ಲು ನೋಡ್ರಿ. ಇಳಿಯೋ ಮುಂದ ನನ್ನ ಕೇಳಿದ್ಲು, ಆಫೀಸು ಇಲ್ಲೇ ಏನಣ್ಣ ಅಂತ. ಇಲ್ಲಿ ಯಾವ ಆಫೀಸವ್ವಾ ಅಂದೆ. ಅಷ್ಟರಾಗ ಒಬ್ಬ ಬೈಕ್ ತಂದ. ಕುಂತು ಹೋದ್ಲು."

"ಹೆಗಲಿಗೆ ಚೀಲ ಇತ್ತೇನ್ರಿ?" ಎಂದಳು ಫರ್ಜಾನಾ.

"ಇತ್ತವ್ವಾ. ಜೀನ್ಸ್ ಬಟ್ಟೀದು."

ಆ ಚೀಲವನ್ನು ಹೊಲಿದುಕೊಟ್ಟದ್ದು ಫರ್ಜಾನಾ.

ಬಸ್ಸು ಕೋಳೂರು ಕ್ರಾಸಿನಲ್ಲಿ ನಿಂತಿತು. ಮೈಲಾರಪ್ಪ ಕೂಗಿದ. ಬಾದನಹಟ್ಟಿ ಹತ್ತಿರವಾದಾಗ ಮತ್ತೆ ಕೂಗಿದ. ಬಿಳಿ ಅಕ್ಷರದಲ್ಲಿದ್ದ ಒಂದೊಂದು ಹೆಸರೂ ಈಗ ಗಂಟಲು ಪಡೆದು ಅವಳ ಕಿವಿಗೆ ಬಡಿಯುತ್ತಿತ್ತು. ಸುಲ್ತಾನಾ ಕಿಟಕಿ ಪಕ್ಕ ಕೂತು ಇದನ್ನೇ ಕೇಳಿಸಿಕೊಂಡಿದ್ದಾಳೆ. ಒಂದನ್ನೂ ಬಿಡದೆ ನೆನಪಿಟ್ಟುಕೊಂಡಿದ್ದಾಳೆ. ಯಾ ಅಲ್ಲಾಹ್, ಆ ಹುಡುಗಿಗೆ ನಾನು ಹೊಡೆದೆನಲ್ಲ ಎಂದುಕೊಂಡಳು.

ಎದುರಿಗೆ ಅದಿರು ಲಾರಿಗಳ ಸಾಲು ಮುಗಿಯುವಂತಿರಲಿಲ್ಲ. ಕೆಂಪು ಧೂಳಿನೊಳಗಿಂದ ಕಪ್ಪು ಗಾಜಿನ ಬಿಳಿ ಕಾರೊಂದು ಹಾರ್ನ್ ಬಾರಿಸುತ್ತ ಬಳ್ಳಾರಿಯ ಕಡೆಗೆ ನುಗ್ಗಿ ಬಂತು. ಡ್ರೈವರು ಬಸ್ಸನ್ನು ಮಣ್ಣಿಗಿಳಿಸಿ, "ರೊಕ್ಕ ಬಂದೋರಿಗೆ ರೋಡೂ ಸಾಲವಲ್ದು," ಎಂದು ಬೈದ.

*

ಕುರುಗೋಡಿನಲ್ಲಿ ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆ ಮುಜಾಫರನ ಆಫೀಸು. ಬಾಗಿಲ ಮೇಲೆ ಅದೇ ಬೋರ್ಡು, ಮೊದಲ ಪುಟ ಗ್ಯಾರಂಟಿ. ಒಳಗೆ ಎರಡು ಕಂಪ್ಯೂಟರು, ಮೂಲೆಯಲ್ಲಿ ಹಳೆಯ ಹೊಲಿಗೆ ಮಷೀನು.

ಫರ್ಜಾನಾಳನ್ನು ಕಂಡವನೇ ಅವನು ಎದ್ದು ನಿಂತ.

"ನಾನೇನೂ ಮಾಡಿಲ್ಲ ಆಪಾ."

"ನಾನಿನ್ನೂ ಏನೂ ಕೇಳಿಲ್ಲಲ್ಲೋ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಚಿದಾನಂದಪ್ಪ ಬಾಗಿಲಿಗೆ ಅಡ್ಡಲಾಗಿ ಸ್ಟೂಲು ಎಳೆದುಕೊಂಡು ಕೂತರು.

ಅವಳು ನೋಟ್‌ಬುಕ್ಕು ತೆರೆದು ಅವನ ಮುಂದಿಟ್ಟಳು. "ಈ ನಲವತ್ತು ಪುಟ ನಿನ್ನವು. ಮೂಲ್ಯಾಗ ನಿನ್ನ ಲೇಬಲ್ ಐತಿ. ಸುಳ್ಳು ಹೇಳಬ್ಯಾಡ."

"ಪುಟ ಏರಿಸೋದಷ್ಟೇ ನಾನು. ಬರಿಯೋನು ನಾನಲ್ಲ. ಮೊದಲಿನವು ನಾನೇ ಬರದೆ, ಖರೇ. ಆಮ್ಯಾಲ ಅವರೇ ಟೈಪು ಮಾಡಿಸಿ ಪೆನ್ ಡ್ರೈವ್‌ನಾಗ ಕಳಿಸ್ತಾರ. ಅಲ್ಲಿ ಇಂಟರ್‌ನೆಟ್ಟಿಲ್ಲ, ಫೋನಿಲ್ಲ."

"ಅವರು ಅಂದ್ರ ಯಾರು?"

ಅವನು ನೋಟ್‌ಬುಕ್ಕನ್ನು ಅವಳ ಕಡೆಗೇ ಸರಿಸಿದ.

"ಮುಜಾಫರ್, ನನ್ನ ತಂಗಿ ಅಲ್ಲಿ ಅದಾಳ."

ಅವನ ಮುಖದ ಬಣ್ಣ ಇಳಿಯಿತು. ನಟನೆ ಅನಿಸಲಿಲ್ಲ. "ಸುಲ್ತಾನಾನಾ?" ಎಂದ. "ಅಲ್ಲಾಹ್ ಕಸಂ, ನನಗ ಗೊತ್ತಿದ್ದಿಲ್ಲ. ಯಾರೋ ಟೈಪಿಸ್ಟು ಅಂತ ತಿಳಕೊಂಡಿದ್ದೆ."

"ಅಲ್ಲಿ ಏನು ಟೈಪು ಮಾಡಿಸ್ತಾರ?"

"ಅದಿರು ಲಾರಿ ಪರ್ಮಿಟ್ಟು. ಅಸಲಿ ಅಲ್ಲ. ದಿನಕ್ಕ ನೂರು, ಇನ್ನೂರು. ಹುಡಿಗೇರು ಸಾಲವಲ್ರು ಅಂತ ಈ ಪುಟ ಮಾಡಿಸಿದ್ರು. ಒಮ್ಮಿ ಅದನ್ನ ನೋಡಿದಾಕಿನ್ನ ಮತ್ತ ಹೊರಗ ಬಿಡ್ತಾರೇನು ಆಪಾ, ನೀನೇ ಹೇಳು."

"ಹೆಸರು ಹೇಳಪ್ಪಾ," ಎಂದರು ಚಿದಾನಂದಪ್ಪ, ಟಿಕೆಟ್ ಕೇಳಿದಷ್ಟೇ ಸಾವಧಾನದಿಂದ.

"ಉಜ್ಜಿನಪ್ಪ." ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಅದಿರಿನ ಸ್ಟಾಕ್ ಯಾರ್ಡ್ ಇಟ್ಟಾನಲ್ಲ, ಅಂವ. ಗಿರಣಿ ಅವನೇ ಹಿಡದಾನ."

ಹೆಸರು ಸಿಕ್ಕಿತ್ತು. ಚಿದಾನಂದಪ್ಪ ಸ್ಟೂಲಿನಿಂದ ಅರ್ಧ ಎದ್ದರು. ಫರ್ಜಾನಾ ಏಳಲಿಲ್ಲ. ಮುಜಾಫರನ ಮೇಜಿನ ಮೇಲೆ ಪ್ರಿಂಟರಿನ ಪಕ್ಕದಲ್ಲಿ ಒಂದು ಹಾಳೆ ಬಿದ್ದಿತ್ತು. ಮಸಿ ಕಮ್ಮಿಯಾಗಿ ಅರ್ಧಕ್ಕೇ ಕೆಟ್ಟ ಹಾಳೆ. ಸತ್ಯನಾರಾಯಣಪೇಟೆ, ಹಳೇ ಬಸ್ ಸ್ಟ್ಯಾಂಡು, ಕೋಳೂರು ಕ್ರಾಸು. ಅಲ್ಲಿಗೆ ಮಸಿ ನಿಂತಿತ್ತು.

"ಇದನ್ನ ಯಾಕ ಪ್ರಿಂಟ್ ತಗದಿ?"

ಅವನು ಹಾಳೆಯನ್ನು ಬೋರಲು ಹಾಕಿ ಕೂತ.

"ನಿನ್ನಿ ಎಲ್ಲಾ ಪುಟ ಬಿದ್ದುಹೋದವು. ನಲವತ್ತೂ. ಉಜ್ಜಿನಪ್ಪ ಫೋನ್ ಮಾಡಿ ಕೈ ಕಾಲು ಮುರೀತೀನಿ ಅಂದ. ನನಗ ಹೆಂಡ್ರು ಮಕ್ಕಳು ಅದಾರ ಆಪಾ. ಯಾಕ ಬಿದ್ದಾವ ಅಂತ ನೋಡಿದೆ. ಕಡೀ ಒಂಬತ್ತರಾಗ ನಾ ಹಾಕದ ಬಿಳಿ ಅಕ್ಷರ ಇದ್ದವು. ತಪ್ಪು ನಂದಲ್ಲ ಯಜಮಾನ್ರ, ನಿಮ್ಮ ಟೈಪಿಸ್ಟೇ ಕದ್ದು ಹಾಕ್ಯಾಳ ಅಂತ..." ಅವನು ನಿಲ್ಲಿಸಿದ.

"ಅಂತ?"

"ಪ್ರಿಂಟ್ ತಗದು ಕಳಿಸಿದೆ. ಅವರ ಬೈಕಿನ ಎರ್ರೆಪ್ಪ ಬಂದಿದ್ದ. ಒಯ್ದ."

"ಯಾವಾಗ?"

"ಇವತ್ತು ಮುಂಜಾನಿ. ಏಳೂವರಿಗೆ."

ಕುರುಗೋಡಿನಿಂದ ಗಿರಣಿಗೆ ಬೈಕಿನಲ್ಲಿ ಮುಕ್ಕಾಲು ತಾಸು. ಫರ್ಜಾನಾ ಆ ಪುಟವನ್ನು ನೀಲಿ ಮಾಡಿ ಚಿದಾನಂದಪ್ಪರಿಗೆ ತೋರಿಸುತ್ತಿದ್ದ ಹೊತ್ತಿಗೆ, ಅದೇ ಪಟ್ಟಿ ಉಜ್ಜಿನಪ್ಪನ ಕೈ ಸೇರಿತ್ತು. ಸುಲ್ತಾನಾ ಯಾರಿಗೂ ಕಾಣದಂತೆ ಬರೆದದ್ದನ್ನು ಅವನು ಕಪ್ಪು ಮಸಿಯಲ್ಲಿ ಓದಿದ್ದ.

"ಕಂಪ್ಲೇಂಟು ಕೊಟ್ಟೋರು ಯಾರೋ, ಅವರ ಕೈ ಸೇದಿ ಹೋಗ," ಎಂದು ಮುಜಾಫರ್ ಹಲುಬಿದ. "ಸುಮ್ಮನಿದ್ದಿದ್ರ ಯಾರೂ ಆ ಪುಟದ ತಳಾ ನೋಡ್ತಿದ್ದಿಲ್ಲ. ವರ್ಷಗಟ್ಟಲೆ ಹಂಗೇ ಇರ್ತಿತ್ತು."

"ಕಂಪ್ಲೇಂಟು ಕೊಟ್ಟಾಕಿ ನಾನೇ," ಎಂದಳು ಫರ್ಜಾನಾ.

ಚಿದಾನಂದಪ್ಪ ತಟ್ಟನೆ ಅವಳ ಕಡೆ ತಿರುಗಿದರು. ಅವಳು ಅವರ ಕಣ್ಣು ತಪ್ಪಿಸಲಿಲ್ಲ.

"ನಾನೇ ಕಾಕಾ. ಸೋಮವಾರ. ನಲವತ್ತಕ್ಕೂ. ನೀಲಿ ಮಾಡಿದೆ, ಓದಲಿಲ್ಲ. ಬಿಳಿ ಅಕ್ಷರ ಕಂಡ್ರ ಸಾಕು, ನನಗ ಕಣ್ಣು ಕಾಣಂಗಿಲ್ಲ. ಒಂದು ನಿಮಿಷ ಓದಿದ್ರ ಆಗಲೇ ನಿಮ್ಮ ಕಡೆ ಓಡಿ ಬರ್ತಿದ್ದೆ. ನಾನೇ ಆಕಿನ್ನ ಹಿಡಕೊಟ್ಟೆ."

ಮೂವತ್ತನಾಲ್ಕು ವರ್ಷ ಜನರ ತಪ್ಪು ಹಿಡಿದು ದಂಡ ಹಾಕಿದವರು, ಇದಕ್ಕೆ ಎಷ್ಟು ದಂಡ ಹಾಕಬೇಕೆಂದು ತಿಳಿಯದೆ ಕೂತಿದ್ದರು. ಕೊನೆಗೆ ಅವಳ ತಲೆಯ ಮೇಲೆ ಕೈಯಿಟ್ಟರು. ಬೈದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ನನಗ ಅನಸಿತ್ತು," ಎಂದ ಮುಜಾಫರ್, ನೆಲ ನೋಡುತ್ತ. "ಈ ಜಿಲ್ಲಾದಾಗ ಕಂಪ್ಲೇಂಟು ಬರಿಯೋ ಚಟ ಇರಾಕಿ ನೀನೊಬ್ಬಾಕಿ. ನನ್ನವು ಮೊದಲೂ ಎಷ್ಟು ಸಲ ಬೀಳಿಸಿದಿ."

ಅವನ ದನಿಯಲ್ಲಿ ಏನೋ ಇತ್ತು. ಫರ್ಜಾನಾ ಅವನ ಹತ್ತಿರಕ್ಕೆ ಹೋದಳು.

"ಆ ಹಾಳ್ಯಾಗ ಇನ್ನೇನು ಬರದಿ?"

"ಹೊಡಿಬ್ಯಾಡ ಆಪಾ."

"ಏನು ಬರದಿ?"

"ನಿನ್ನ ಹೆಸರು ಬರದೆ. ಸೆಂಟರ್ ಎಲ್ಲೈತಿ ಅಂತನೂ ಬರದೆ. ಮತ್ತ..." ಅವನು ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡ. "ಕಂಪ್ಲೇಂಟು ಕೊಟ್ಟಾಕಿ ವಾಪಸ್ ತಗೊಂಡ್ರ ಪುಟ ಒಂದೇ ದಿನದಾಗ ಮತ್ತ ಮೊದಲನೇ ಪುಟಕ್ಕ ಬರ್ತಾವ ಅಂತ ಬರದೆ."

"ಅದು ಸುಳ್ಳು."

"ಗೊತ್ತೈತಿ."

"ವಾಪಸ್ ತಗೊಳಾಕ ದಾರಿನೇ ಇಲ್ಲ. ಪುಟ ಎಲ್ಲಾ ತೊಳದು ಬಳದು, ಕ್ಷಮಾ ಕೇಳಿ ಅರ್ಜಿ ಹಾಕಬೇಕು. ಅದನ್ನ ಯಾರೋ ಎಲ್ಲೋ ಕೂತು ನೋಡಬೇಕು. ತಿಂಗಳು ಹಿಡೀತೈತಿ, ಎರಡು ತಿಂಗಳು ಹಿಡೀತೈತಿ. ಬರದೇನೂ ಹೋಗಬಹುದು."

"ಗೊತ್ತೈತಿ ಆಪಾ. ನನ್ನ ಜೀವ ಉಳಿಸಿಕೊಳ್ಳಾಕ ಬರದೆ."

ಆಗ ಚಿದಾನಂದಪ್ಪ ಒಂದು ಪ್ರಶ್ನೆ ಕೇಳಿದರು. "ಉಜ್ಜಿನಪ್ಪನ ಗಾಡಿ ಯಾವ ಬಣ್ಣ?"

"ಬಿಳೀದು. ಗ್ಲಾಸೆಲ್ಲ ಕಪ್ಪು."

ಬಾದನಹಟ್ಟಿಯ ಹತ್ತಿರ ಬಸ್ಸನ್ನು ಮಣ್ಣಿಗಿಳಿಸಿದ ಹಾರ್ನು ಫರ್ಜಾನಾಳ ಕಿವಿಯಲ್ಲಿ ಮತ್ತೆ ಕೂಗಿತು. ಅದು ಬಳ್ಳಾರಿಯ ಕಡೆಗೆ ಹೋಗಿತ್ತು. ಸೆಂಟರಿನಲ್ಲಿ ಅಮ್ಮಿ ಒಬ್ಬಳೇ ಇದ್ದಳು.

ಅವಳು ಮೊಬೈಲು ತೆಗೆದು ಸೆಂಟರಿನ ನಂಬರು ಒತ್ತಿದಳು. ಒಂದು ಸಲ ಗಂಟೆ ಬಾರಿಸುವಷ್ಟರಲ್ಲೇ ಅತ್ತ ಕಡೆ ಎತ್ತಿದರು.

"ಫರ್ಜಾನಾ ಬೇಟಿ? ನಿನಗೇ ಮಾಡಬೇಕಂತಿದ್ದೆ." ಅಮ್ಮಿಯ ದನಿ ಹನ್ನೊಂದು ದಿನದಲ್ಲಿ ಮೊದಲ ಸಲ ನಗುತ್ತಿತ್ತು. "ಸುಲ್ತಾನಾ ಬಂದಾಳ. ಆಕಿ ಆಫೀಸಿನ ಸಾಹೇಬ್ರೇ ಕರಕೊಂಡು ಬಂದಾರ. ಎಂಥಾ ಒಳ್ಳೆ ಮನುಷ್ಯರು. ಚಾ ಕುಡ್ಯಾಕತ್ತಾರ. ನೀನು ಬರೋಮಟ ಹೋಗಾಂಗಿಲ್ಲಂತ."

"ಅಮ್ಮಿ, ಸುಲ್ತಾನಾ ಎಲ್ಲದಾಳ? ಆಕಿ ಕೈಯಾಗ ಫೋನ್ ಕೊಡು."

"ಕಾರಿನಾಗ ಕುಂತಾಳಂತ. ನಿನ್ನ ಮ್ಯಾಲ ಇನ್ನೂ ಸಿಟ್ಟಿರಬೇಕು, ಇಳಿಯಾಕ ಒಲ್ಲೆ ಅಂತಾಳಂತ."

"ನೀನು ನೋಡಿದೇನು ಆಕಿನ್ನ?"

"ಗ್ಲಾಸು ಕಪ್ಪು ಅದಾವಲ್ಲ ಬೇಟಿ. ಹೊರಗಿಂದ ಏನೂ ಕಾಣವಲ್ದು."

ಫೋನು ಕೈ ಬದಲಾಯಿಸಿದ ಸದ್ದು ಬಂತು. ಆಮೇಲೆ ಒಬ್ಬ ಗಂಡಸಿನ ದನಿ. ಅದರಲ್ಲಿ ಸಿಟ್ಟಿರಲಿಲ್ಲ, ಅವಸರವೂ ಇರಲಿಲ್ಲ.

"ನಮಸ್ಕಾರ ಅಕ್ಕಾರ. ಉಜ್ಜಿನಪ್ಪ ಮಾತಾಡಾದು. ನಿಮ್ಮ ತಂಗಿ ಭಾಳ ಶಾಣ್ಯಾಕಿ. ದಾರಿ ಎಲ್ಲಾ ಚೊಲೋ ನೆನಪಿಟ್ಟಾಳ."

ಫರ್ಜಾನಾ ಉಳಿದಿಬ್ಬರಿಗೂ ಕೇಳುವಂತೆ ಫೋನನ್ನು ಸ್ಪೀಕರಿಗೆ ಹಾಕಿದಳು.

"ಬಂದರದಾಗ ಹಡಗು ನಿಂತೈತ್ರಿ, ನನ್ನ ಪರ್ಮಿಟ್ಟು ನಿಂತಾವ, ಟೈಪು ಮಾಡೋರು ಬೇಕು. ನೀವು ನನ್ನ ಪುಟ ಕೆಡವಿದ್ರಿ. ಕೆಡವಿದೋರೇ ಎಬ್ಬಸ್ರಿ. ಕಂಪ್ಲೇಂಟು ವಾಪಸ್ ತಗೋರಿ. ಸಂಜಿ ಆರಕ್ಕ ನಾನು ಹುಡುಕಿದ್ರ ಮೊದಲನೇ ಪುಟದಾಗ ನನ್ನವು ಕಾಣಬೇಕು. ಅಲ್ಲೀಮಟ ನಿಮ್ಮ ತಾಯಿ ಚಾ ಮಾಡ್ತಿರ್ತಾರ, ನಾನು ಕುಡೀತಿರ್ತೀನಿ."

"ಸುಲ್ತಾನಾ ಕೈಲಿ ಒಂದು ಮಾತು ಆಡಸ್ರಿ."

"ಪುಟ ಬರ್ಲಿ, ಮಾತಾಡೀರಂತ. ಆಗ್ತೈತೋ ಇಲ್ಲೋ, ಅಷ್ಟು ಹೇಳ್ರಿ. ಆಗಾಂಗಿಲ್ಲ ಅಂದ್ರ ಈಗಲೇ ಎದ್ದು ಹೋಗ್ತೀನಿ. ಗಾಡಿ ಎಲ್ಲಿಗೆ ಹೋಗ್ತೈತಿ ಅಂತ ಈ ಸಲ ನಿಮಗ ಯಾರೂ ಬರದು ಕಳಿಸಾಂಗಿಲ್ಲ."

ಮುಜಾಫರ್ ಎರಡೂ ಕೈಯಾಡಿಸಿ ಆಗುವುದಿಲ್ಲ, ಆಗುವುದಿಲ್ಲ ಎಂದು ಸನ್ನೆ ಮಾಡುತ್ತಿದ್ದ. ಆಗುವುದಿಲ್ಲವೆಂದು ಅವನಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿತ್ತು. ಚಿದಾನಂದಪ್ಪ ಅವಳ ತುಟಿಯನ್ನೇ ನೋಡುತ್ತಿದ್ದರು.

ಸೆಂಟರ್ ನಡೆಸಿದ ಎಂಟು ವರ್ಷ ಅವಳು ಗ್ಯಾರಂಟಿ ಕೇಳಿದ ಎಷ್ಟೋ ಜನಕ್ಕೆ ಇಲ್ಲ ಎಂದಿದ್ದಳು. ಅಂಗಡಿ ಖಾಲಿ ಹೊಡೆದ ದಿನಗಳಲ್ಲೂ ಇಲ್ಲ ಎಂದಿದ್ದಳು. ತೆರೆದ ಬಾಗಿಲಿನ ಮೇಲೆ ಮುಜಾಫರನ ಬೋರ್ಡು ಗಾಳಿಗೆ ಅಲುಗುತ್ತಿತ್ತು.

"ಆಗ್ತೈತ್ರಿ," ಎಂದಳು ಫರ್ಜಾನಾ. "ಆರಕ್ಕ ಮೊದಲನೇ ಪುಟದಾಗ ಇರ್ತಾವ. ಗ್ಯಾರಂಟಿ."

ಗೋಡೆಯ ಗಡಿಯಾರದಲ್ಲಿ ಹನ್ನೊಂದಾಗಲು ಐದು ನಿಮಿಷವಿತ್ತು.